ಜೀಪಿನಡಿಯ 'ಟಕ್ ಟಕ್': ಬಿಚ್ಚುವ ಮೊದಲು ಕೇಳಿ

ಗಾಡಿಯ ಅಡಿಯಿಂದ 'ಟಕ್ ಟಕ್' ಬರ್ತದೆ ಅಂತ ಗ್ಯಾರೇಜಿಗೆ ಹೋಗಿ. 'ಸಸ್ಪೆನ್ಷನ್ ಹೋಗಿದೆ, ಸೆಟ್ಟೇ ಹಾಕ್ಬೇಕು' ಎಂಬ ಉತ್ತರ ಹೆಚ್ಚಾಗಿ ತಯಾರಾಗಿರ್ತದೆ. ಸೆಟ್ಟು ಹಾಕ್ತಾರೆ. ಬಿಲ್ಲು ಬರ್ತದೆ. ಮೂರನೇ ದಿನ ತೋಟದ ದಾರಿಯಲ್ಲಿ ಮತ್ತದೇ 'ಟಕ್ ಟಕ್'.

ಸಸ್ಪೆನ್ಷನ್ ಎನ್ನುವುದು ಹತ್ತಾರು ರಬ್ಬರು ಬುಷ್, ಗುಂಡು ಕೀಲು, ಸ್ಪ್ರಿಂಗು, ಬೋಲ್ಟುಗಳು ಸೇರಿದ ಒಂದು ಸಂಸಾರ. ಶಬ್ದ ಮಾಡುವುದು ಇವುಗಳಲ್ಲಿ ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಎರಡು. ಅದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ. ಎರಡು ಕಿವಿ, ಒಂದು ಜಾಕು, ಒಂದು ಸಣ್ಣ ಹಾರೆ, ಒಬ್ಬ ಜತೆಗಾರ, ಅರ್ಧ ದಿನದ ಪುರುಸೊತ್ತು ಸಾಕು. ಹುಡುಕುವ ಕೆಲಸ ನಮ್ಮದು, ಬಿಚ್ಚಿ ಜೋಡಿಸುವ ಕೆಲಸ ಮೇಸ್ತ್ರಿಯದು ಅಂತ ಪಾಲು ಮಾಡಿಕೊಂಡರೆ ದುಡ್ಡು ಉಳಿಯುತ್ತದೆ. ಕೆಲವು ಸಲ ಜೀವವೂ.

ನನ್ನದು 2014ರ ಬೊಲೆರೊ. ಮನೆ ಶಿವಮೊಗ್ಗದ ಆಲ್ಕೊಳದಲ್ಲಿ, ತೋಟ ಆಯನೂರಿನಾಚೆ. ವಾರಕ್ಕೆ ನಾಲ್ಕೈದು ಸಲ ಸಾಗರ ರಸ್ತೆಯಲ್ಲಿ ಹೋಗಿ ಬರುವುದು, ಕೊನೆಯ ಮೂರು ಕಿಲೋಮೀಟರ್ ಮಣ್ಣುರಸ್ತೆ. ಅದೇ ಗಾಡಿಯಲ್ಲಿ ಗೊಬ್ಬರ, ಅದೇ ಗಾಡಿಯಲ್ಲಿ ಹಸಿ ಅಡಿಕೆ, ಅದೇ ಗಾಡಿಯಲ್ಲಿ ಮನೆಮಂದಿಯೆಲ್ಲ ಸೇರಿ ಮದುವೆಗೆ. ನಮ್ಮ ಕಡೆ ಬಹಳ ಮನೆಗಳ ಕತೆ ಇಷ್ಟೇ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಗಾಡಿಯಲ್ಲಿ ಎರಡು ಶಬ್ದ ಶುರುವಾದವು. ಅವನ್ನು ಹುಡುಕಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಅಡಿಯಲ್ಲಿ ಏನೇನಿದೆ?

ಹಳೆ ವಿಲ್ಲಿಸ್ ಮಾದರಿಯ ಜೀಪಿಗೆ ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗು, ನಾವು 'ಪ್ಲೇಟು' ಅಂತೀವಲ್ಲ, ಅದು. 2000ದಲ್ಲಿ ಬಂದ ಬೊಲೆರೊದಲ್ಲಿ ಹಿಂದೆ ಮಾತ್ರ ಪ್ಲೇಟು. ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಏಳುತ್ತವೆ, ಇಳಿಯುತ್ತವೆ. ಇಂಗ್ಲಿಷಿನಲ್ಲಿ 'ಇಂಡಿಪೆಂಡೆಂಟ್' ಅನ್ನುವುದು ಇದಕ್ಕೇ.

ಮುಂದೆ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ತೋಳು, ಅಂದರೆ ಆರ್ಮ್. ತೋಳಿನ ಒಳತುದಿ ಚಾಸಿಗೆ ಸೇರುವಲ್ಲಿ ರಬ್ಬರು ಬುಷ್. ಹೊರತುದಿ ಚಕ್ರದ ಕಡೆ ಸೇರುವಲ್ಲಿ ಬಾಲ್ ಜಾಯಿಂಟ್. ಇದು ನಮ್ಮ ಸೊಂಟದ ಕೀಲಿನ ಹಾಗೆ, ಬಟ್ಟಲಲ್ಲಿ ಗುಂಡು. ಕೆಳತೋಳಿನ ಮೇಲೆ ಕಾಯಿಲ್ ಸ್ಪ್ರಿಂಗು ಕೂತಿದೆ. ಒತ್ತಿ ಬಿಟ್ಟ ಸ್ಪ್ರಿಂಗು ಸುಮ್ಮನೆ ಕುಣಿಯುತ್ತಲೇ ಇರುತ್ತದೆ, ಆ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ತಿರುವಿನಲ್ಲಿ ಗಾಡಿ ಒಂದು ಬದಿಗೆ ವಾಲದಂತೆ ಎಡ ಬಲ ಚಕ್ರಗಳ ನಡುವೆ ಒಂದು ಉದ್ದ ಸಲಾಕೆ, ಅಂದರೆ ಸ್ಟೆಬಿಲೈಸರ್ ಬಾರ್. ಅದರ ತುದಿಯನ್ನು ತೋಳಿಗೆ ಕಟ್ಟುವ ಗೇಣುದ್ದದ ಕಡ್ಡಿಯೇ ಲಿಂಕ್ ರಾಡ್.

ಹಿಂದೆ ಪ್ಲೇಟಿನ ಒಂದು ತುದಿ ಚಾಸಿಗೆ ನೇರ ಸಿಕ್ಕಿಸಿದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುಪಟ್ಟಿಗೆ. ಭಾರ ಬಿದ್ದಾಗ ಬಾಗಿದ ಪ್ಲೇಟು ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡಲಿಕ್ಕೆ ಶ್ಯಾಕಲ್ ತೂಗುತ್ತದೆ. ಎರಡೂ ತುದಿಯಲ್ಲಿ ಬುಷ್. ಪ್ಲೇಟನ್ನು ಹಿಂದಿನ ಆಕ್ಸಲ್ಲಿಗೆ ಕಟ್ಟಿರುವುದು ಯು ಬೋಲ್ಟು. ಪ್ಲೇಟುಗಳನ್ನೆಲ್ಲ ಸೇರಿಸಿ ಹಿಡಿದಿರುವುದು ಸೆಂಟರ್ ಬೋಲ್ಟು.

ಸ್ಕಾರ್ಪಿಯೊ, ಇನ್ನೋವಾಗಳಲ್ಲಿ ಹಿಂದೆಯೂ ಕಾಯಿಲ್. ಬ್ರೆಜಾ, ಕ್ರೆಟಾದಂಥ ಗಾಡಿಗಳಿಗೆ ಬೇರೆ ಚಾಸಿಯೇ ಇಲ್ಲ. ಮುಂದೆ ಕಾಯಿಲ್ ಮತ್ತು ಶಾಕ್ ಒಂದೇ ಕಂಬವಾಗಿರುವ ಸ್ಟ್ರಟ್ ಇರುತ್ತದೆ. ಹೀಗೆ ಭಾಗಗಳು ಸ್ವಲ್ಪ ಬೇರೆ. ಹುಡುಕುವ ಕ್ರಮ ಒಂದೇ.

ಮೊದಲು ಒಂದು ಚೀಟಿ

ಡಾಕ್ಟರ ಹತ್ತಿರ ಹೋಗಿ 'ನೋವು' ಅಂತ ಹೇಳಿ ಸುಮ್ಮನಾದರೆ ಅವರು ಏನು ಮಾಡಿಯಾರು? ಎಲ್ಲಿ, ಯಾವಾಗ, ಊಟಕ್ಕೆ ಮೊದಲೋ ನಂತರವೋ ಕೇಳ್ತಾರೆ. ಗಾಡಿಗೂ ಹಾಗೇ. ಒಂದು ವಾರ ಡ್ಯಾಶ್ ಬೋರ್ಡಿನಲ್ಲಿ ಪೆನ್ನು, ಕಾಗದ ಇಟ್ಟುಕೊಳ್ಳಿ. ಶಬ್ದ ಬಂದಾಗಲೆಲ್ಲ ಗಾಡಿ ನಿಲ್ಲಿಸಿ ಬರೆಯಿರಿ.

ಮುಂದೋ ಹಿಂದೋ? ಎಡವೋ ಬಲವೋ? ಎಷ್ಟು ವೇಗದಲ್ಲಿ? ಗುಂಡಿಗೆ ಇಳಿಯುವಾಗಲೋ ಏರುವಾಗಲೋ? ತಿರುಗಿಸುವಾಗಲೋ, ಬ್ರೇಕ್ ಮೆಟ್ಟುವಾಗಲೋ? ಖಾಲಿ ಗಾಡಿಯಲ್ಲೋ ಲೋಡಿನಲ್ಲೋ? ಬೆಳಿಗ್ಗೆ ತಣ್ಣಗಿರುವಾಗ ಮಾತ್ರವೋ? ಮಳೆ ಬಂದ ದಿನ ನಿಲ್ಲುತ್ತದೋ?

ಗಾಡಿ ಓಡಿಸುವವನ ಕಿವಿಗೆ ಎಲ್ಲ ಶಬ್ದವೂ ಕಾಲಬುಡದಿಂದಲೇ ಬಂದ ಹಾಗೆ ಕೇಳ್ತದೆ. ಆದ್ದರಿಂದ ಸ್ಟಿಯರಿಂಗನ್ನು ಬೇರೆಯವರಿಗೆ ಕೊಟ್ಟು ನೀವು ಎಡಗಡೆ, ಆಮೇಲೆ ಹಿಂದೆ ಕೂತು ಕೇಳಿ. ನಿಧಾನ ಓಡಿಸಲು ಹೇಳಿ ಪಕ್ಕದಲ್ಲಿ ನಡೆದು ನೋಡಿ. ಕೈಯಲ್ಲಿ ಮೊಬೈಲು ಇದ್ದೇ ಇದೆ, ಶಬ್ದ ರೆಕಾರ್ಡು ಮಾಡಿಕೊಳ್ಳಿ. ಗ್ಯಾರೇಜಿನ ಮುಂದೆ ಹೋದ ಕೂಡಲೇ ಗಾಡಿ ಮೂಗನಂತೆ ಸುಮ್ಮನಾಗುವುದು ಎಲ್ಲರ ಅನುಭವ. ಆಗ ಇದು ಉಪಯೋಗಕ್ಕೆ ಬರುತ್ತದೆ.

ನನ್ನ ಚೀಟಿಯಲ್ಲಿ ವಾರದ ಕೊನೆಗೆ ಎರಡು ಸಾಲು ಇತ್ತು.

ಒಂದು: 'ಮುಂದೆ ಎಡ. ಟಕ್ ಟಕ್. 20 ಕಿ.ಮೀ. ಒಳಗಿನ ವೇಗ. ಒಂದೇ ಚಕ್ರ ಗುಂಡಿಗಿಳಿದರೆ ಜಾಸ್ತಿ.'

ಎರಡು: 'ಹಿಂದೆ. ಕಟಕಟ. ಖಾಲಿ ಗಾಡಿ, ಮಣ್ಣುರಸ್ತೆ. ಗೊಬ್ಬರ ಹೇರಿದ ದಿನ ಇಲ್ಲ.'

ಈ ಎರಡು ಸಾಲಿನಲ್ಲೇ ಮುಕ್ಕಾಲು ಉತ್ತರ ಇತ್ತು.

ಕಳ್ಳಶಬ್ದಗಳನ್ನು ಹೊರಗೆ ಹಾಕಿ

ಅಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಇದು. ಸೀಟಿನಡಿಯ ಜಾಕು, ಪಾನಾ, ಕತ್ತಿ, ನೀರಿನ ಕ್ಯಾನು ಎಲ್ಲ ಇಳಿಸಿ. ಸ್ಟೆಪ್ನಿಯನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಬಾನೆಟ್ಟಿನ ಲಾಕು, ನಂಬರ್ ಪ್ಲೇಟು, ತಲೆ ಮೇಲಿನ ಕ್ಯಾರಿಯರ್ ಇವೂ ಶಬ್ದ ಮಾಡುತ್ತವೆ. ಸೈಲೆನ್ಸರ್ ತೂಗುಹಾಕಿದ ರಬ್ಬರು ತುಂಡಾಗಿದ್ದರೆ ಗುಂಡಿಯಲ್ಲಿ ಕೊಳವೆ ಚಾಸಿಗೆ ಬಡಿದು ಥೇಟ್ ಶಾಕ್ ಹೋದ ಹಾಗೇ ಕೇಳ್ತದೆ.

ವ್ಹೀಲ್ ನಟ್ಟು ನಾಲ್ಕೂ ಕಡೆ ಬಿಗಿದು ನೋಡುವುದನ್ನು ಮರೀಬೇಡಿ. ಚಕ್ರ ಸುತ್ತುವ ಲಯಕ್ಕೆ ಸರಿಯಾಗಿ 'ಟಕ್... ಟಕ್...' ಬಂದರೆ ಮೊದಲ ಅನುಮಾನ ಅದರ ಮೇಲೇ. ಟೈರಿನ ಗಾಳಿ ಗಾಡಿಯ ಮೇಲೆ ಅಂಟಿಸಿದ ಸ್ಟಿಕ್ಕರಿನ ಪ್ರಕಾರ ಇದೆಯೋ ನೋಡಿ. ಜಾಸ್ತಿ ಗಾಳಿ ತುಂಬಿದ ಟೈರು ಸಣ್ಣ ಕಲ್ಲನ್ನೂ ದೊಡ್ಡದು ಮಾಡಿ ಹೇಳುತ್ತದೆ.

ಗುಂಡಿಯಲ್ಲಿ ಹೋಗುತ್ತಾ ಬ್ರೇಕನ್ನು ಮೆಲ್ಲಗೆ ಮುಟ್ಟಿ ಹಿಡಿಯಿರಿ. ಶಬ್ದ ನಿಂತರೆ ಬ್ರೇಕಿನ ಪ್ಯಾಡು ಸಡಿಲ ಇದ್ದು ಅಲ್ಲಾಡುತ್ತಿರಬಹುದು. ರಿವರ್ಸಿನಿಂದ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಡುವಾಗ ಒಂದೇ ಒಂದು 'ಟಕ್' ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್ ನೋಡಿಸಿ. ಅದಕ್ಕೂ ಸಸ್ಪೆನ್ಷನ್ನಿಗೂ ಸಂಬಂಧ ಇಲ್ಲ. ಬೊಲೆರೊದಂಥ ಗಾಡಿಯಲ್ಲಿ ಬಾಡಿ ಮತ್ತು ಚಾಸಿ ನಡುವೆಯೂ ರಬ್ಬರು ಗಟ್ಟಿಗಳಿವೆ. ಅವು ಸವೆದರೆ ಇಡೀ ಕ್ಯಾಬಿನ್ನೇ 'ಗಡ್' ಅನ್ನುತ್ತದೆ.

ರಸ್ತೆಯ ಮೇಲೆ ನಾಲ್ಕು ಪರೀಕ್ಷೆ

1. ನೇರ ಹಂಪು, ಓರೆ ಹಂಪು: ವಾಹನ ಸಂಚಾರ ಇಲ್ಲದ ಬಡಾವಣೆ ರಸ್ತೆಯಲ್ಲಿ ಪೂರ್ತಿ ಅಗಲದ ಒಂದು ಹಂಪು ಹುಡುಕಿ. ಮೊದಲು ನೇರ ದಾಟಿ, ಎರಡೂ ಮುಂದಿನ ಚಕ್ರ ಒಟ್ಟಿಗೇ ಏರಬೇಕು. ಆಮೇಲೆ ಓರೆಯಾಗಿ, ಒಂದು ಚಕ್ರ ಮೊದಲು ಏರುವ ಹಾಗೆ ದಾಟಿ. ನೇರ ದಾಟುವಾಗ ಇಲ್ಲದ ಶಬ್ದ ಓರೆಯಲ್ಲಿ ಬಂದರೆ ಸ್ಟೆಬಿಲೈಸರಿನ ಲಿಂಕ್ ರಾಡ್ ಅಥವಾ ಅದರ ರಬ್ಬರು ಅಂತ ಬಹುತೇಕ ಹೇಳಬಹುದು. ಕಾರಣ ಸರಳ. ಎರಡೂ ಚಕ್ರ ಒಟ್ಟಿಗೆ ಎದ್ದಾಗ ಆ ಸಲಾಕೆ ತನ್ನ ರಬ್ಬರಿನೊಳಗೆ ಸುಮ್ಮನೆ ಹೊರಳುತ್ತದೆ, ಅದಕ್ಕೆ ಕೆಲಸವೇ ಇಲ್ಲ. ಒಂದು ಚಕ್ರ ಮಾತ್ರ ಎದ್ದರೆ ಸಲಾಕೆ ತಿರುಚಿಕೊಳ್ಳುತ್ತದೆ, ಲಿಂಕ್ ರಾಡ್ ಮೇಲೆ ಎಳೆತ ಬೀಳುತ್ತದೆ. ಸವೆದಿದ್ದರೆ ಆಗ ಬಡಿಯುತ್ತದೆ.

2. ಖಾಲಿ, ಲೋಡು: ಅದೇ ರಸ್ತೆಯಲ್ಲಿ ಖಾಲಿ ಒಂದು ಸಲ, ಹಿಂದೆ ಭಾರ ಹಾಕಿ ಒಂದು ಸಲ. 45 ಕೆಜಿಯ ನಾಲ್ಕು ಯೂರಿಯಾ ಚೀಲ ಹಾಕಿದರೆ 180 ಕೆಜಿ ಆಯಿತು, ಪರೀಕ್ಷೆಗೆ ಧಾರಾಳ. ಭಾರ ಹಾಕಿದಾಗ ಶಬ್ದ ನಿಂತರೆ ಪ್ಲೇಟಿನ ತುದಿಯ ಬುಷ್, ಶ್ಯಾಕಲ್ ಸವೆದಿರುವ ಲಕ್ಷಣ. ಭಾರಕ್ಕೆ ಸವೆದ ಜಾಗ ಒಂದು ಕಡೆ ಒತ್ತಿ ಕೂರುತ್ತದೆ, ಅಲ್ಲಾಡುವುದಿಲ್ಲ. ಭಾರ ಹಾಕಿದ ಮೇಲೇ 'ಧಡ್' ಅಂತ ಶುರುವಾದರೆ ಪ್ಲೇಟು ಜೋತಿದೆ ಅಥವಾ ತುಂಡಾಗಿದೆ, ಆಕ್ಸಲ್ಲು ಮೇಲಿನ ಬಂಪ್ ರಬ್ಬರಿಗೆ ಬಡಿಯುತ್ತಿದೆ ಎಂದು ತಿಳಿಯಬಹುದು.

3. ಬ್ರೇಕು, ಹೊರಡು: ನಿಧಾನ ವೇಗದಲ್ಲಿ ಬ್ರೇಕ್ ಮೆಟ್ಟಿ. ಮುಂದಿನಿಂದ ಒಂದು 'ಧಕ್' ಬಂದರೆ ಕೆಳತೋಳಿನ ಬುಷ್ ಅನುಮಾನ. ಚಕ್ರ ನಿಲ್ಲುತ್ತದೆ, ಗಾಡಿ ಮುಂದೆ ತಳ್ಳುತ್ತದೆ, ಹರಿದ ಬುಷ್‌ನಲ್ಲಿ ತೋಳು ಸರಿದು ಲೋಹಕ್ಕೆ ಲೋಹ ತಾಗುತ್ತದೆ. ಹಿಂದಿನಿಂದ ಬಂದರೆ, ಅದೂ ಹೊರಡುವಾಗ ಒಮ್ಮೆ ನಿಲ್ಲುವಾಗ ಒಮ್ಮೆ ಬಂದರೆ, ಯು ಬೋಲ್ಟು ಸಡಿಲವಾಗಿರಬಹುದು.

4. ನಿಂತಲ್ಲೇ ತಿರುವು: ಎಂಜಿನ್ ಚಾಲೂ ಇಟ್ಟು ಗಾಡಿ ನಿಂತಲ್ಲೇ ಸ್ಟಿಯರಿಂಗನ್ನು ಎಡ ಬಲ ತಿರುಗಿಸಿ. ಜತೆಗಾರ ಹೊರಗೆ ನಿಂತು ಕೇಳಲಿ. 'ಕಟ್' ಅಂದರೆ ಟೈ ರಾಡ್ ಎಂಡ್ ಅಥವಾ ಬಾಲ್ ಜಾಯಿಂಟ್. ಸ್ಟ್ರಟ್ ಇರುವ ಗಾಡಿಗಳಲ್ಲಿ ಬಾನೆಟ್ಟಿನ ಬುಡದಲ್ಲಿ ಸ್ಪ್ರಿಂಗು ಹಾರಿದ ಹಾಗೆ 'ಟಂಯ್' ಅಂದರೆ ಸ್ಟ್ರಟ್ಟಿನ ಮೇಲ್ಗಡೆಯ ಬೇರಿಂಗು.

ಅಂಗಳದಲ್ಲಿ ನೋಡುವುದು

ಮೊದಲೇ ಹೇಳಿಬಿಡ್ತೇನೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬೇಡಿ. ಒಂದೂವರೆ ಟನ್ನಿಗೂ ಮಿಕ್ಕಿದ ಭಾರ ಅದು. ಜಾಕಿನ ಜತೆ ಕಬ್ಬಿಣದ ಸ್ಟ್ಯಾಂಡು ಬೇಕು. ಜಂಬಿಟ್ಟಿಗೆ ಕಲ್ಲು, ಸಿಮೆಂಟ್ ಇಟ್ಟಿಗೆ ಇಡುವುದು ನಮ್ಮಲ್ಲಿ ರೂಢಿ. ಅವು ಮುನ್ಸೂಚನೆ ಕೊಡದೆ ಒಮ್ಮೆಲೇ ಒಡೆಯುತ್ತವೆ. ಗಟ್ಟಿ ಸಮತಟ್ಟು ನೆಲ, ಹ್ಯಾಂಡ್ ಬ್ರೇಕು, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡೆ. ಇಷ್ಟು ಇಲ್ಲದಿದ್ದರೆ ಈ ಭಾಗವನ್ನು ಗ್ಯಾರೇಜಿನ ರ‍್ಯಾಂಪಿನ ಮೇಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ಜಾಕು ಏರಿಸುವ ಮೊದಲೇ ಒಂದು ಕೆಲಸ. ಜತೆಗಾರ ಗಾಡಿಯ ಮೂಲೆ ಹಿಡಿದು ಮೇಲೆ ಕೆಳಗೆ ತೂಗಲಿ. ನೀವು ಚಕ್ರದ ಹಿಂದಿನ ಸಂದಿಯಲ್ಲಿ ಕೈಯಿಟ್ಟು ಲಿಂಕ್ ರಾಡ್, ಶಾಕ್‌ನ ಮೇಲಿನ ಕೆಳಗಿನ ತುದಿ ಒಂದೊಂದಾಗಿ ಮುಟ್ಟಿ. ಕಿವಿಗೆ ಗೊತ್ತಾಗದ ಬಡಿತ ಬೆರಳಿಗೆ ಗೊತ್ತಾಗುತ್ತದೆ. ತೂಗುವುದನ್ನು ನಿಲ್ಲಿಸಿದ ಮೇಲೂ ಗಾಡಿ ಕುಣಿಯುತ್ತಲೇ ಇದ್ದರೆ ಶಾಕ್ ಪೂರ್ತಿ ಹೋಗಿದೆ. ಆದರೆ ಒಮ್ಮೆಲೇ ನಿಂತಿತು ಅಂತ ಶಾಕ್ ಚೆನ್ನಾಗಿದೆ ಎನ್ನಲಾಗದು. ಈ ಪರೀಕ್ಷೆಯಲ್ಲಿ ಪೂರಾ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಮೈಮೇಲೆ ಎಣ್ಣೆ ಹರಿದು ಒದ್ದೆಯಾಗಿದೆಯೋ, ಒಳಗಿನ ದಂಡ ಬಾಗಿದೆಯೋ, ತುದಿಯ ರಬ್ಬರು ಹೋಗಿದೆಯೋ ನೋಡಿ. ತೆಳು ಎಣ್ಣೆಮಂಜು ಇದ್ದು ಧೂಳು ಕೂತಿದ್ದರೆ ಗಾಬರಿ ಬೇಡ. ಹಾಕುವುದಾದರೆ ಎಡ ಬಲ ಜೋಡಿಯಾಗಿ ಹಾಕಿ.

ಮುಂದಿನ ಚಕ್ರ ಎತ್ತುವಾಗ ಬೊಲೆರೊದಲ್ಲಿ ಜಾಕನ್ನು ಚಾಸಿಗೆ ಕೊಟ್ಟರೆ ಬಾಲ್ ಜಾಯಿಂಟಿನ ಸಡಿಲ ಗೊತ್ತಾಗುವುದಿಲ್ಲ. ಕಾಯಿಲ್ ಸ್ಪ್ರಿಂಗು ಕೆಳತೋಳನ್ನು ಒತ್ತಿ ಹಿಡಿದು ಸಡಿಲವನ್ನು ಮುಚ್ಚಿಡುತ್ತದೆ. ಕೆಳತೋಳಿನ ಅಡಿಗೆ, ಚಕ್ರಕ್ಕೆ ಆದಷ್ಟು ಹತ್ತಿರ ಜಾಕು ಕೊಟ್ಟು ಎತ್ತಬೇಕು. ಚಾಸಿಯ ಕೆಳಗೆ ಸ್ಟ್ಯಾಂಡು ಇರಲಿ. ಈಗ ಟೈರಿನ ತಲೆ ಮತ್ತು ಬುಡ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಟೈರಿನ ಅಡಿ ಹಾರೆ ಕೊಟ್ಟು ಮೀಟಿ. ಸಡಿಲ ಕಂಡರೆ ಜತೆಗಾರನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಸಡಿಲ ಮಾಯವಾದರೆ ಅದು ವ್ಹೀಲ್ ಬೇರಿಂಗು. ಬ್ರೇಕ್ ಹಿಡಿದರೂ ಉಳಿದರೆ ಬಾಲ್ ಜಾಯಿಂಟ್. ಟೈರಿನ ಎಡ ಬಲ ಅಂಚು ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್ ಎಂಡ್.

ಇನ್ನು 'ಕಿಯ್ಯೋ' ಅನ್ನುವ ಕೂಗು. ಇದಕ್ಕೆ ನೀರಿನ ಪರೀಕ್ಷೆ. ಒಂದು ಚೊಂಬು ನೀರನ್ನು ಒಂದೇ ಬುಷ್ ಮೇಲೆ ಹೊಯ್ದು ಗಾಡಿ ತೂಗಿ. ಕೂಗು ನಿಂತರೆ ಅದೇ ಕಳ್ಳ. ನಿಲ್ಲದಿದ್ದರೆ ಮುಂದಿನ ಬುಷ್. ಪ್ಲೇಟುಗಳ ಸಂದಿಯಲ್ಲಿ ಹೊಯ್ದಾಗ ನಿಂತರೆ ಪ್ಲೇಟು ತುಕ್ಕು ಹಿಡಿದು ಒಂದನ್ನೊಂದು ಉಜ್ಜುತ್ತಿದೆ.

ನನ್ನ ಗಾಡಿಯಲ್ಲಿ ಸಿಕ್ಕಿದ್ದು

ಚೀಟಿ ಬರೆಯುವ ಮೊದಲು ಒಂದು ಗ್ಯಾರೇಜಿನಲ್ಲಿ ವಿಚಾರಿಸಿದ್ದೆ. ನಾಲ್ಕೂ ಶಾಕ್, ಎರಡೂ ಕೆಳತೋಳಿನ ಬುಷ್, ಕೂಲಿ ಸೇರಿ 14,000 ರೂಪಾಯಿ ಆಗ್ತದೆ ಅಂದಿದ್ದರು. ಗಾಡಿಯನ್ನು ಎತ್ತಿಯೂ ನೋಡಿರಲಿಲ್ಲ.

ಆಮೇಲೆ ನಾನೇ ಪರೀಕ್ಷೆಗಿಳಿದೆ. ನೇರ ಹಂಪಿನಲ್ಲಿ ಮುಂದಿನ ಶಬ್ದ ಇಲ್ಲ, ಓರೆಯಲ್ಲಿ ಸ್ಪಷ್ಟ. ಹಿಂದಿನದು ನಾಲ್ಕು ಚೀಲಕ್ಕೇ ತಣ್ಣಗಾಯಿತು. ಚೀಟಿ ತಗೊಂಡು ಸಾಗರ ರಸ್ತೆಯಲ್ಲೇ ಇರುವ ಒಬ್ಬ ಹಳೆ ಮೇಸ್ತ್ರಿಯ ಹತ್ತಿರ ಹೋದೆ. ಓದಿ ನಕ್ಕರು. 'ಗೌಡ್ರೆ, ಹಿಂಗೆ ಬರ್ಕೊಂಡು ಬಂದ್ರೆ ನಮ್ಗೆ ಅರ್ಧ ದಿನ ಉಳೀತದೆ' ಅಂದರು. ಎರಡೂ ಲಿಂಕ್ ರಾಡ್ ಬಿಚ್ಚಿ, ಸಲಾಕೆ ಬಡಿಯದ ಹಾಗೆ ತಂತಿಯಲ್ಲಿ ಮೇಲೆ ಕಟ್ಟಿ, ಪಕ್ಕದ ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಒಂದು ಸುತ್ತು ಹಾಕಿದರು. ಮುಂದಿನ ಶಬ್ದ ಇಲ್ಲ! ಖಾತ್ರಿಯಾಯಿತು. (ಲಿಂಕ್ ರಾಡ್ ಇಲ್ಲದ ಗಾಡಿ ತಿರುವಿನಲ್ಲಿ ಜಾಸ್ತಿ ವಾಲುತ್ತದೆ. ಪರೀಕ್ಷೆಗೆ ಮಾತ್ರ, ಹೆದ್ದಾರಿಗೆ ಸಲ್ಲ.) ಹಿಂದೆ ಶ್ಯಾಕಲ್ ಬಿಚ್ಚಿದರೆ ಎಡಗಡೆಯ ಬುಷ್ ಮೊಟ್ಟೆಯಾಕಾರಕ್ಕೆ ಸವೆದಿತ್ತು.

ಎರಡು ಲಿಂಕ್ ರಾಡ್, ಶ್ಯಾಕಲ್ ಬುಷ್ ಸೆಟ್, ಕೂಲಿ ಎಲ್ಲ ಸೇರಿ 2,600 ರೂಪಾಯಿ. ಶಾಕ್‌ಗಳು ಚೆನ್ನಾಗಿಯೇ ಇದ್ದವು, ಇನ್ನೂ ಓಡುತ್ತಿವೆ.

ಬೋಲ್ಟು ಬಿಗಿಯುವ ಗುಟ್ಟು

ಹೊಸ ಬುಷ್ ಹಾಕಿಸಿ ಆರು ತಿಂಗಳಿಗೇ ಹರಿಯಿತು, 'ಡೂಪ್ಲಿಕೇಟ್ ಮಾಲು' ಅಂತ ಬೈಯುವವರಿದ್ದಾರೆ. ಮಾಲು ಒಳ್ಳೆಯದೇ ಇದ್ದು ಬಿಗಿದ ಕ್ರಮ ತಪ್ಪಿದ್ದರೂ ಹೀಗಾಗುತ್ತದೆ. ತೋಳಿನ ಬುಷ್‌ನಲ್ಲಿ ಒಳಗಿನ ಕೊಳವೆ, ಹೊರಗಿನ ಕೊಳವೆ, ನಡುವೆ ಅಂಟಿದ ರಬ್ಬರು. ಬೋಲ್ಟು ಬಿಗಿದಾಗ ಒಳಕೊಳವೆ ಚಾಸಿಗೆ ಕಚ್ಚಿಕೊಳ್ಳುತ್ತದೆ. ಮುಂದೆ ತೋಳು ಆಡುವುದೆಲ್ಲ ರಬ್ಬರಿನ ತಿರುಚುವಿಕೆಯಿಂದಲೇ.

ಗಾಡಿ ಜಾಕಿನ ಮೇಲೆ ತೂಗುತ್ತಿರುವಾಗ ಬಿಗಿದರೆ ಏನಾಗುತ್ತದೆ? ತೋಳು ಕೆಳಗೆ ಜೋತಿರುವ ಸ್ಥಿತಿಯೇ ರಬ್ಬರಿಗೆ ನೆಮ್ಮದಿಯ ಸ್ಥಿತಿ ಆಗಿಬಿಡುತ್ತದೆ. ಗಾಡಿ ಇಳಿಸಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ. ಗುಂಡಿ ಸಿಕ್ಕಿದಾಗ ಇನ್ನಷ್ಟು. ಬೇಗ ಹರಿಯದೆ ಇನ್ನೇನು? ಆದ್ದರಿಂದ ಜಾಕಿನ ಮೇಲೆ ಬೋಲ್ಟನ್ನು ಕೈಬಿಗಿ ಮಾತ್ರ ಮಾಡಿ. ಗಾಡಿಯ ಭಾರ ನಾಲ್ಕು ಚಕ್ರದ ಮೇಲೆ ಬಿದ್ದ ನಂತರ, ಒಂದೆರಡು ಸಲ ತೂಗಿ, ಕೊನೆಯ ಬಿಗಿ ಕೊಡಬೇಕು. ಪ್ಲೇಟಿನ ಬುಷ್‌ಗೂ ಇದೇ ಕ್ರಮ. ಮೇಸ್ತ್ರಿಯ ಹತ್ತಿರ ಮೊದಲೇ ಹೇಳಿಕೊಳ್ಳಿ. ಬೇಜಾರು ಮಾಡಿಕೊಳ್ಳುವುದಿಲ್ಲ, ಗೊತ್ತಿದ್ದವರು ಖುಷಿಪಡ್ತಾರೆ.

ಯು ಬೋಲ್ಟು ಹೊಸದು ಹಾಕಿದರೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಸಿ. ಅದು ಸಡಿಲವಾಗಿಯೇ ಓಡಿದರೆ ಸೆಂಟರ್ ಬೋಲ್ಟು ಕಡಿದು ಆಕ್ಸಲ್ಲೇ ಸರಿಯುತ್ತದೆ. ಹಿಂದಿನಿಂದ ನೋಡಿದರೆ ಗಾಡಿ ಏಡಿಯ ಹಾಗೆ ಓರೆ ಓಡುತ್ತದೆ.

ಪ್ಲೇಟಿಗೆ ವೆಲ್ಡಿಂಗ್ ಬೇಡ

ತುಂಡಾದ ಪ್ಲೇಟನ್ನು ವೆಲ್ಡ್ ಮಾಡಿಸಿ ಓಡಿಸುವವರನ್ನು ಈಗಲೂ ಕಾಣುತ್ತೇನೆ. ನಮ್ಮ ಭಾವ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿ, ಮುಂದೆ ವಾಹನಗಳ ಬಿಡಿಭಾಗಕ್ಕೆ ಬೇಕಾದ ಮಿಶ್ರಲೋಹದ ಉಕ್ಕಿಗೆ ಹೆಸರಾದ ಕಾರ್ಖಾನೆ ಅದು. ವೆಲ್ಡಿಂಗ್ ವಿಷಯ ತೆಗೆದರೆ ಅವರು ಕೈಮುಗೀತಾರೆ. 'ಸ್ಪ್ರಿಂಗಿನ ಗುಣ ಬರೀ ಲೋಹದಲ್ಲಿ ಇರೋದಲ್ಲ ಮಾರಾಯ, ಅದನ್ನ ಕಾಯಿಸಿ, ಎಣ್ಣೇಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದ ಕ್ರಮದಲ್ಲಿದೆ. ವೆಲ್ಡಿಂಗ್ ಬೆಂಕಿ ಬಿದ್ರೆ ಆ ಜಾಗದ ಹದ ಹೋಯ್ತು' ಎನ್ನುತ್ತಾರೆ. ಬೆಸುಗೆಯ ಪಕ್ಕದಲ್ಲಿ ಒಂದು ಕಡೆ ಗಾಜಿನಂತೆ ಪೆಡಸು, ಇನ್ನೊಂದು ಕಡೆ ಮೆದು. ಮುಂದಿನ ಸಲ ಅಲ್ಲೇ ತುಂಡಾಗುವುದು ಗ್ಯಾರಂಟಿ, ಅದೂ ಲೋಡಿನಲ್ಲಿ. ಆ ಒಂದು ಪ್ಲೇಟನ್ನು ಬದಲಿಸುವುದೇ ಸರಿ.

ಅಡಿಗೆ ಎಣ್ಣೆ ಹೊಡೆಸುವ ಚಟ

ಮಳೆಗಾಲಕ್ಕೆ ಮುಂಚೆ ಚಾಸಿಗೆ ತುಕ್ಕು ಹಿಡಿಯದಿರಲಿ ಅಂತ ಸುಟ್ಟ ಎಂಜಿನ್ ಆಯಿಲನ್ನು ಅಡಿಯಿಡೀ ಹೊಡೆಸುವುದು ಮಲೆನಾಡಿನಲ್ಲಿ ಹಳೆಯ ಕ್ರಮ. ಶಬ್ದ ಬರುವ ಬುಷ್‌ಗೆ ಡೀಸೆಲ್ ಬಿಡುವುದು ಇನ್ನೊಂದು. ಎರಡು ದಿನ ಶಬ್ದ ನಿಲ್ಲುತ್ತದೆ, ನಿಜ. ಆದರೆ ಎಣ್ಣೆ, ಡೀಸೆಲ್ ಕುಡಿದ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಅನುಮಾನವಿದ್ದರೆ ಒಂದು ರಬ್ಬರ್ ಬ್ಯಾಂಡನ್ನು ರಾತ್ರಿ ಡೀಸೆಲಿನಲ್ಲಿ ನೆನೆಹಾಕಿ. ಬೆಳಿಗ್ಗೆ ತೆಗೆದು ಎಳೆದು ನೋಡಿ.

ತುಕ್ಕಿನ ರಕ್ಷಣೆಗೆ ಚಾಸಿಯ ಲೋಹಕ್ಕೆ ಮಾತ್ರ ಬಣ್ಣವೋ ಅಂಡರ್ ಕೋಟಿಂಗೋ ಮಾಡಿಸಿ. ಎಣ್ಣೆಯೇ ಬೇಕೆಂದರೆ ಬುಷ್‌ಗಳಿಗೆ ಪ್ಲಾಸ್ಟಿಕ್ ಸುತ್ತಿ ಹೊಡೆಸಿ. ರಬ್ಬರು ಕೂಗಿದರೆ ಸಿಲಿಕೋನ್ ಸ್ಪ್ರೇ ಸಿಗುತ್ತದೆ, ಅದು ರಬ್ಬರಿಗೆ ತೊಂದರೆ ಮಾಡುವುದಿಲ್ಲ. ಹಲವು ಪ್ಲೇಟಿನ ಹಳೆ ಮಾದರಿಯ ಸ್ಪ್ರಿಂಗಾದರೆ ಬಿಚ್ಚಿ, ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸು ಸವರಬೇಕು. ಮಳೆಗಾಲ ಮುಗಿದ ಮೇಲೆ ಅಡಿಯ ಕೆಸರನ್ನು ಒಮ್ಮೆ ಪೂರ್ತಿ ತೊಳೆಸಿ. ಬಾಲ್ ಜಾಯಿಂಟಿನ ರಬ್ಬರು ಟೋಪಿ ಹರಿದಿದೆಯೋ ನೋಡುವುದಕ್ಕೆ ಅದೇ ಸಮಯ. ಟೋಪಿ ಹರಿದರೆ ಕೆಸರು ನೀರು ಒಳಗೆ ಹೋಗಿ ಗ್ರೀಸು ತೊಳೆದುಹೋಗುತ್ತದೆ, ಗುಂಡು ಸವೆಯುತ್ತದೆ.

ಯಾವುದು ಕಾಯಬಹುದು, ಯಾವುದು ಕಾಯಬಾರದು?

ಎಲ್ಲ ಶಬ್ದವೂ ಅಪಾಯವಲ್ಲ. ಬುಷ್ ಕೂಗು, ಪ್ಲೇಟಿನ ಕಿರಿಕಿರಿ, ಆಗಷ್ಟೇ ಸವೆಯಲು ಶುರುವಾದ ಲಿಂಕ್ ರಾಡ್, ಶ್ಯಾಕಲ್ ಬುಷ್ ಇವು ಕೊಯ್ಲಿನ ಗಡಿಬಿಡಿ ಮುಗಿಯುವವರೆಗೆ ಕಾದಾವು. ಶಾಕ್ ಹೋದ ಗಾಡಿ ನಿಧಾನ ಹೋದರೆ ಮನೆ ಸೇರುತ್ತದೆ. ಆದರೆ ತಿರುವಿನಲ್ಲಿ, ಬ್ರೇಕಿನಲ್ಲಿ ನೆಲ ಬಿಟ್ಟು ಜಿಗಿಯುವುದರಿಂದ ಬಹಳ ದಿನ ದೂಡಬೇಡಿ.

ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಸಡಿಲ ಯು ಬೋಲ್ಟು, ತುಂಡಾದ ಮುಖ್ಯ ಪ್ಲೇಟು, ವ್ಹೀಲ್ ಬೇರಿಂಗು: ಈ ಐದನ್ನು ಮಾತ್ರ ಒಂದು ದಿನವೂ ಕಾಯಿಸಬಾರದು.

ನಮ್ಮ ತೋಟದ ನೆರೆಯವರೊಬ್ಬರ ಜೀಪಿನಲ್ಲಿ 'ಟಕ್ ಟಕ್' ಇತ್ತು. ಯಾವುದೋ ಗ್ಯಾರೇಜಿನಲ್ಲಿ ಮುಂದಿನ ಶಾಕ್ ಬದಲಿಸಿ ಕೊಟ್ಟರು. ಶಬ್ದ ಹೋಗಲಿಲ್ಲ. 'ಹೊಸ ಶಾಕ್ ಹಾಕಿದೆ, ಇನ್ನೇನೂ ಇರ್ಲಿಕ್ಕಿಲ್ಲ' ಅಂತ ಮನೆಯವರ ಕಿವಿ ಅದಕ್ಕೆ ಒಗ್ಗಿಹೋಯಿತು. ನಾಲ್ಕು ತಿಂಗಳ ನಂತರ ತೋಟದ ಗೇಟಿನಲ್ಲಿ ತಿರುಗಿಸುವಾಗ ಕೆಳಗಿನ ಬಾಲ್ ಜಾಯಿಂಟ್ ಕಳಚಿತು. ಚಕ್ರ ಹೊರಗೆ ಮಡಚಿಕೊಂಡು ಗಾಡಿಯ ಮೂತಿ ನೆಲಕ್ಕೆ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ದಿನವಷ್ಟೇ ಏಳು ಜನ ಆ ಗಾಡಿಯಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಹತ್ತಿ ಬಂದಿದ್ದರು. ಜಾಕು ಕೊಟ್ಟು ಹಾರೆಯಲ್ಲಿ ಒಮ್ಮೆ ಮೀಟಿ ನೋಡಲು ಹತ್ತು ನಿಮಿಷ ಸಾಕಿತ್ತು.

ಶಬ್ದ ಬರುವ ಗಾಡಿಯಲ್ಲಿ ಭಾಗ ಬದಲಿಸಿದ ಮೇಲೂ ಅದೇ ಶಬ್ದ ಉಳಿದರೆ ಅರ್ಥ ಒಂದೇ: ಕಾರಣ ಇನ್ನೂ ಸಿಕ್ಕಿಲ್ಲ. ಅಲ್ಲಿಗೇ ಬಿಡಬೇಡಿ. ಬಾಲ್ ಜಾಯಿಂಟ್, ಟೈ ರಾಡ್, ತೋಳಿನ ಬುಷ್ ಏನೇ ಬದಲಿಸಿದರೂ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ, ಇಲ್ಲವಾದರೆ ಹೊಸ ಟೈರು ಒಂದೇ ಮಗ್ಗುಲಲ್ಲಿ ಸವೆಯುತ್ತದೆ. ಕಾಯಿಲ್ ಸ್ಪ್ರಿಂಗು ಬಿಚ್ಚುವ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಒತ್ತಿ ಹಿಡಿದ ಸ್ಪ್ರಿಂಗು ಹಾರಿದರೆ ಕೈಕಾಲು ಉಳಿಯದು. ಅದಕ್ಕೆ ಬೇಕಾದ ಕಂಪ್ರೆಸರ್ ಇರುವ ಗ್ಯಾರೇಜಿಗೇ ಹೋಗಿ.

ಕತ್ತರಿಸಿ ಗಾಡಿಯಲ್ಲಿ ಇಟ್ಟುಕೊಳ್ಳಲು

- ಓರೆ ಹಂಪಿನಲ್ಲಿ 'ಟಕ್ ಟಕ್', ನೇರ ಹಂಪಿನಲ್ಲಿ ಇಲ್ಲ: ಲಿಂಕ್ ರಾಡ್, ಸ್ಟೆಬಿಲೈಸರ್ ರಬ್ಬರು.
- ಹಿಂದೆ 'ಕಟಕಟ', ಲೋಡಿನಲ್ಲಿ ನಿಲ್ಲುತ್ತದೆ: ಶ್ಯಾಕಲ್, ಪ್ಲೇಟಿನ ಬುಷ್.
- ಲೋಡಿನಲ್ಲಿ 'ಧಡ್': ಜೋತ ಅಥವಾ ತುಂಡಾದ ಪ್ಲೇಟು.
- ಹೊರಡುವಾಗ, ನಿಲ್ಲುವಾಗ ಹಿಂದೆ 'ಟಕ್': ಯು ಬೋಲ್ಟು, ಜಾಯಿಂಟ್ ಕ್ರಾಸ್.
- ಬ್ರೇಕಿನಲ್ಲಿ ಮುಂದೆ 'ಧಕ್': ಕೆಳತೋಳಿನ ಬುಷ್.
- ತಿರುಗಿಸುವಾಗ 'ಕಟ್': ಬಾಲ್ 'ಜಾಯಿಂಟ್, ಟೈ ರಾಡ್ ಎಂಡ್. ತಕ್ಷಣ ನೋಡಿಸಿ.
- ವೇಗ ಏರಿದಂತೆ ಏರುವ 'ಗುಂಯ್': ವ್ಹೀಲ್ ಬೇರಿಂಗು. ತಕ್ಷಣ ನೋಡಿಸಿ.
- ನೀರು ಹೊಯ್ದರೆ ನಿಲ್ಲುವ 'ಕಿಯ್ಯೋ': ಒಣಗಿದ ಬುಷ್, ತುಕ್ಕು ಹಿಡಿದ ಪ್ಲೇಟು.
- ಒಮ್ಮೆ ತೂಗಿದರೆ ಕುಣಿಯುತ್ತಲೇ ಇರುವ ಗಾಡಿ: ಶಾಕ್.

ಹಳೆ ಜೀಪು, ಪಿಕಪ್ಪು, ಟೆಂಪೊ ಇಟ್ಟುಕೊಂಡವರು ಬೇರೆ ಉಪಾಯ ಕಂಡುಕೊಂಡಿದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಎಲ್ಲರಿಗೂ ಉಪಯೋಗವಾದೀತು.